ಕಲ್ಲವ್ವನ ಹಸಿರು ಬಳೆ

"ಮುಖಕ್ಕ ಕೈ ಹಚ್ಚಬ್ಯಾಡ್ರಿ ಮತ್ತ. ಹಣಿ ಬರಿದಾಗಬಾರ್ದು," ಎಂದಳು ಮುದುಕವ್ವ.

ಬೇವಿನ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು ಆಕೆ ಕಾವಲು ಕಾಯುತ್ತಿದ್ದಳು. ಎದುರಿಗೆ ಆರನೇ ಇಯತ್ತೆಯ ಮಕ್ಕಳು ಕಲ್ಲವ್ವನಿಗೆ ಎರೆಯುತ್ತಿದ್ದರು. ಎರೆಯುವುದೆಂದರೆ ಬರೀ ನೀರು ಸುರಿಯುವುದಲ್ಲ. ಕೊಡ ತುಂಬ ಬಿಸಿನೀರು, ಬೋಗುಣಿಯಲ್ಲಿ ಸೀಗೆಕಾಯಿ ಪುಡಿ, ತಿಕ್ಕಲಿಕ್ಕೆ ತೆಂಗಿನ ನಾರು, ಹಬ್ಬದ ಮುಂದೆ ಮನೆಯ ಹೆಣ್ಣುಮಕ್ಕಳಿಗೆ ಮಾಡುವ ಹಾಗೆ ಎಲ್ಲವೂ ಸಿದ್ಧವಿತ್ತು. ಕಲ್ಲಿನ ಕೆಳಭಾಗ ಎಂದೋ ಮಣ್ಣಿನಲ್ಲಿ ಹೂತುಹೋಗಿ, ಉಳಿದದ್ದು ಮಕ್ಕಳ ಎದೆಯೆತ್ತರಕ್ಕಿತ್ತು. ನಡುವೆ ಮೂವರು ಸಾಲಾಗಿ ನಿಂತ ಕೆತ್ತನೆ. ನಡುವಿನಾಕೆ ಕಲ್ಲವ್ವ, ಆಚೀಚೆ ಚಾಮರ ಹಿಡಿದವರು ಆಕೆಯ ಗೆಳತಿಯರು. ಇದು ಊರಿನ ಲೆಕ್ಕ. ಎಣ್ಣೆ, ಕುಂಕುಮ, ದೀಪದ ಮಸಿ ಎಲ್ಲ ಕೂಡಿ ಕಲ್ಲಿಗೆ ಇನ್ನೊಂದು ಚರ್ಮವೇ ಬಂದಿತ್ತು. ಸೀಗೆಕಾಯಿಯ ನೊರೆ ಕರ್ರಗೆ ಇಳಿಯುತ್ತಿದ್ದಂತೆ ಕೆತ್ತನೆಯ ಕೆಳಗಿನ ಪಟ್ಟಿಯಲ್ಲಿ ಅಕ್ಷರಗಳು ಒಂದೊಂದಾಗಿ ಮೇಲೆದ್ದವು.

ತೊಳೆಯುತ್ತೇವೆ ಅಂದಿದ್ದರೆ ಮುದುಕವ್ವ ಒಪ್ಪುತ್ತಿರಲಿಲ್ಲ. ಶಾಲೆಯ ಟೀಚರ್ ನಿರ್ಮಲಾ ಅಕ್ಕಾರು ಮೊದಲು ಹಾಗೆಯೇ ಕೇಳಿ ಮುಖಕ್ಕೆ ಹೊಡೆದಂಥ ಉತ್ತರ ಪಡೆದಿದ್ದರು. ತೊಳೆಯಲಿಕ್ಕೆ ಅವ್ವ ಏನು ಮುಸುರೆ ಬಾಂಡೆಯೇ ಎಂದಿದ್ದಳು ಮುದುಕಿ. ದಾರಿ ಹುಡುಕಿದವಳು ಮೊಮ್ಮಗಳು ಅಂಜಲಿ. ಪಂಚಮಿಗೆ ನಾವೆಲ್ಲ ಎರೆದುಕೊಳ್ಳುತ್ತೇವೆ, ಕಲ್ಲವ್ವ ಮಾತ್ರ ಹಳೆ ಎಣ್ಣೆಯಲ್ಲೇ ಯಾಕೆ ಇರಬೇಕು ಎಂದು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಕೇಳಿದ್ದಳು. ಮುದುಕವ್ವ ಒಂದು ಗಳಿಗೆ ಯೋಚಿಸಿ, ಹೌದಲ್ಲ, ಇಷ್ಟು ವರ್ಷ ನನಗ್ಯಾಕೆ ಹೊಳೆಯಲಿಲ್ಲ ಎಂದು ತನ್ನನ್ನೇ ಬೈದುಕೊಂಡಳು. ಎರಡು ಕರಾರು ಹಾಕಿದಳು: ಮುಖದ ಕುಂಕುಮ ತೆಗೆಯಬಾರದು, ಬೆಳ್ಳಿಯ ಕಣ್ಣು ಕೀಳಬಾರದು. ಪಂಚಮಿಯವರೆಗೆ ತಾನು ಎಣ್ಣೆ ಹಚ್ಚುವುದಿಲ್ಲ ಎಂದೂ ಒಪ್ಪಿಕೊಂಡಳು. ಅದು ಆಕೆಗೆ ಬಹಳ ಕಷ್ಟದ ಮಾತು.

ಅಂಜಲಿ ಮುಖದ ಅಂಚಿನವರೆಗೆ ನಾರು ತಂದು ನಿಲ್ಲಿಸಿದಳು. ಬೆರಳ ತುದಿಗೆ ಕುಂಕುಮದ ಹೆಪ್ಪಿನ ಕೆಳಗೆ ಏನೋ ತಾಗಿತು, ತುಟಿಯ ಮೇಲೆ ಎರಡೂ ಕಡೆ ಮೇಲಕ್ಕೆ ಸುರುಳಿ ತಿರುಗಿದಂಥದ್ದು. ಎಣ್ಣೆ ಗಟ್ಟಿಯಾಗಿರಬೇಕು ಅಂದುಕೊಂಡು ಕೈ ತೆಗೆದಳು.

ಈ ಊರು ಬ್ಯಾಡಗಿಯಿಂದ ಕದರಮಂಡಲಗಿಗೆ ಹೋಗುವ ರಸ್ತೆ ಬಿಟ್ಟು ಎಡಕ್ಕೆ ಹೊರಳಿದರೆ ಸಿಗುತ್ತದೆ. ನಿರ್ಮಲಾ ಅಕ್ಕಾರು ರಾಣೆಬೆನ್ನೂರಿನವರು, ದಿನಾ ಸ್ಕೂಟಿಯ ಮೇಲೆ ಬಂದು ಹೋಗುತ್ತಾರೆ. ಬೇಸಿಗೆ ರಜೆಯಲ್ಲಿ ಹಾವೇರಿಯಲ್ಲಿ ಒಂದು ವಾರ ಹಳೆಯ ಲಿಪಿ ಓದುವ ತರಬೇತಿಗೆ ಹೋಗಿದ್ದರು. ಬರುವಾಗ ಜಗತ್ತೇ ಗೆದ್ದ ಹುರುಪು. ಮಕ್ಕಳ ಮುಂದೆ ಸಾವಿರ ವರ್ಷದ ಹಿಂದಿನ ಅಕ್ಷರಗಳ ತಖ್ತೆ ತೂಗುಹಾಕಿದರೆ ಅವು ಆಕಳಿಸಿದವು. ಇದ್ದ ಅಕ್ಷರವೇ ಸಾಕಾಗಿದೆ, ಸತ್ತ ಅಕ್ಷರ ಯಾಕೆ ಎಂದು ಹನುಮೇಶ ಎದ್ದು ನಿಂತೇ ಕೇಳಿದ. ಪ್ರಶ್ನೆ ಸರಿಯಾಗಿಯೇ ಇತ್ತು. ಅಕ್ಕಾರು ಮನೆಗೆ ಹೋಗಿ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದು, ಮೂರನೆಯ ದಿನ ಕವಡೆ ತಂದರು.

ಕವಡೆ ಆಟ ಗೊತ್ತಿಲ್ಲದ ಮಗು ಈ ಸೀಮೆಯಲ್ಲಿಲ್ಲ. ಶಾಲೆಯ ಪಡಸಾಲೆಯ ಮೇಲೆ ಸುಣ್ಣದಲ್ಲಿ ಮನೆಗಳನ್ನು ಬರೆದು, ಒಂದೊಂದು ಮನೆಯಲ್ಲಿ ಒಂದೊಂದು ಹಳೆಯ ಅಕ್ಷರ ಕೂರಿಸಿದರು. ಕವಡೆ ಚೆಲ್ಲು, ಕಾಯಿ ನಡೆಸು, ಇಳಿದ ಮನೆಯ ಅಕ್ಷರ ಯಾವುದೆಂದು ಹೇಳು. ತಪ್ಪಿದರೆ ಕಾಯಿ ಹಿಂದಕ್ಕೆ. ಎದುರಾಳಿಯ ಕಾಯಿ ಕಡಿಯಬೇಕಾದರೂ ಅಕ್ಷರ ಹೇಳಿಯೇ ಕಡಿಯಬೇಕು. ನಟ್ಟನಡುವಿನ ಮನೆ ಹೊಕ್ಕು ಕಾಯಿ ಹಣ್ಣಾಗಬೇಕಾದರೆ ಒಂದು ಹಳೆಯ ಪದ ಓದಿ ಅರ್ಥವನ್ನೂ ಹೇಳಬೇಕು. ತುಱು ಅಂದರೆ ದನ. ಕಾದು ಅಂದರೆ ಹೋರಾಡು. ಮಗುೞ್ಚು ಅಂದರೆ ಹೋದದ್ದನ್ನು ಹಿಂದಕ್ಕೆ ತರು. ಹದಿನೈದು ದಿನದಲ್ಲಿ ಊಟದ ಗಂಟೆ ಹೊಡೆದರೂ ಏಳದಂತಾದವು ಮಕ್ಕಳು. ಸತ್ತ ಅಕ್ಷರದ ಮಾತಾಡಿದ್ದ ಹನುಮೇಶ ತನ್ನ ಅಪ್ಪನ ಟ್ರ್ಯಾಕ್ಟರಿನ ಹಿಂದೆ ಸುಣ್ಣದಲ್ಲಿ ತನ್ನ ಹೆಸರನ್ನು ಹಳೆಯ ಲಿಪಿಯಲ್ಲಿ ಬರೆದು ಏಟು ತಿಂದ.

ಎಲ್ಲರಿಗಿಂತ ಚುರುಕು ಅಂಜಲಿ. ಇರದೇ ಏನು? ಮಾತು ಬರುವ ಮೊದಲೇ ಕವಡೆ ಹಿಡಿದ ಹುಡುಗಿ ಅದು, ಕಲಿಸಿದವಳು ಮುದುಕವ್ವ. ಸಂಜೆಯಾದರೆ ಅಜ್ಜಿ ಮೊಮ್ಮಗಳು ಕಟ್ಟೆಯ ಮೇಲೆ ಮನೆ ಬರೆದುಕೊಂಡು ಕೂರುವುದು ಈಗಲೂ ಇದೆ. ಶಾಲೆಯ ಆಟ ಮನೆಗೂ ಬಂದ ಮೇಲೆ ಅಜ್ಜಿ ಕವಡೆ ಚೆಲ್ಲುತ್ತಾಳೆ, ಆಕೆಯ ಪಾಲಿನ ಅಕ್ಷರವನ್ನೂ ಅಂಜಲಿಯೇ ಹೇಳುತ್ತಾಳೆ. ಗೆಲ್ಲುವುದು ಯಾವಾಗಲೂ ಅಂಜಲಿ. ಮುದುಕವ್ವ ಬೆರಳ ಸಂದಿಯಲ್ಲಿ ಒಂದು ಕವಡೆ ಜಾರಿಸಿ, ಅಯ್ಯ, ನನ್ನ ಕೈ ಸತ್ತು ಹೋಗ್ಯಾವ ಎಂದು ಹಣೆ ಬಡಿದುಕೊಳ್ಳುವಳು. ಅದು ಬೇಕೆಂತಲೇ ಜಾರಿಸುವ ಕೈ ಎಂಬುದು ಅಂಜಲಿಗೆ ಎರಡು ವರ್ಷದ ಹಿಂದೆಯೇ ತಿಳಿದಿತ್ತು. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಊರಲ್ಲಿ ಅಂಜಲಿಗೆ ಇನ್ನೊಂದು ಹೆಸರಿದೆ, ಕಲ್ಲವ್ವನ ಕೂಸು. ಸೊಸೆ ಶೈಲಾಗೆ ಏಳು ತಿಂಗಳಿಗೇ ಹೆರಿಗೆಯಾಗಿ, ಅಂಗೈಯಷ್ಟಿದ್ದ ಕೂಸನ್ನು ಹಾವೇರಿಯ ದೊಡ್ಡಾಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟಾಗ, ಎಲ್ಲರೂ ಹಾವೇರಿಗೆ ಓಡಿದರೆ ಮುದುಕವ್ವ ಮಾತ್ರ ಈ ಬೇವಿನ ಮರದ ಕೆಳಗೆ ಬಂದು ಕುಳಿತಳು. ಉಣ್ಣಲಿಲ್ಲ, ಎದ್ದು ಹೋಗಲಿಲ್ಲ. ಕೂಸು ಉಳಿಸಿಕೊಡು, ಅದು ದೊಡ್ಡದಾಗೋತನಕ ಪ್ರತಿ ಪಂಚಮಿಗೂ ಹಸಿರು ಬಳೆ ಇಡಿಸಿ ಉಡಿ ತುಂಬತೇನಿ ಎಂದು ಕಲ್ಲಿಗೆ ಹಣೆ ಹಚ್ಚಿ ಬೇಡಿದಳು. ಕೂಸು ಉಳಿಯಿತು. ಅಂದಿನಿಂದ ಒಂದು ಪಂಚಮಿಯೂ ತಪ್ಪಿಲ್ಲ. ಬೇಸಿಗೆಯಲ್ಲಿ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋದಾಗಲೇ ಅಲ್ಲಿಯ ಬಳೆಗಾರ ಮಲ್ಲಿಕಸಾಬನ ಹತ್ತಿರ ಗಾಜಿನ ಹಸಿರು ಬಳೆ ಆರಿಸಿ ತಂದಿಡುವಳು. ಆ ಮುದುಕಿಯ ಬಾಳಿನಲ್ಲಿ ಇದೊಂದು ನಂಬಿಗೆ ಗಟ್ಟಿಯಾಗಿತ್ತು, ಉಳಿದದ್ದೆಲ್ಲ ಬಂದ ಹಾಗೆ ಹೋದದ್ದು.

ಅಕ್ಕಾರಿಗೆ ಇದು ಗೊತ್ತಿರಲಿಲ್ಲ. ಎರೆದ ದಿನ ಮೊಬೈಲಿನಲ್ಲಿ ಪಟ ತೆಗೆದುಕೊಂಡು ಹೋಗಿ, ಮನೆಯಲ್ಲಿ ಅಕ್ಷರ ಕೂಡಿಸಿ ಓದಿ, ಖುಷಿಯಿಂದ ಒಬ್ಬರೇ ನಕ್ಕಿದ್ದರು. ಮಕ್ಕಳಿಗೆ ಏನೂ ಹೇಳಲಿಲ್ಲ. ನಾಗರ ಪಂಚಮಿಯ ಹಿಂದಿನ ದಿನ, ರೊಟ್ಟಿ ಪಂಚಮಿಯಂದು, ಕಲ್ಲಿನ ಮುಂದೆಯೇ ಕೊನೆಯ ಆಟ ಎಂದು ಮಾತ್ರ ಸಾರಿದರು. ಎರಡು ತಂಡ, ತಂಡಕ್ಕೆ ಒಬ್ಬರು ಓದುವವರು. ಸಾಲು ಪೂರ್ತಿ ಓದಿ ಅರ್ಥವನ್ನು ಗಟ್ಟಿಯಾಗಿ ಹೇಳಿದವರಿಗೆ ಗೆಲುವು. ಗೆದ್ದ ತಂಡಕ್ಕೆಲ್ಲ ತಲೆಗೊಂದು ಕೊಬ್ಬರಿ ಬಟ್ಟಲು. ಪಂಚಮಿಗೆ ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರ್ರನೆ ತಿರುಗಿಸದ ಮಕ್ಕಳು ಯಾರಿದ್ದಾರೆ. ತಂಡದವರು ಅಂಜಲಿಯ ಸುತ್ತ ಜೇನುಹುಳುವಿನಂತೆ ಮುತ್ತಿಕೊಂಡರು.

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ. ಕಲ್ಲವ್ವನಿಗೆ ಎರೆದರಂತೆ ಎಂಬುದು ಕಲ್ಲವ್ವನ ಮೈಮೇಲೆ ಅಕ್ಷರ ಮೂಡಿದವಂತೆ ಆಯಿತು, ಅಲ್ಲಿಂದ ಶಾಲೆಯ ಮಕ್ಕಳ ಬಾಯಲ್ಲಿ ಕಲ್ಲವ್ವ ಮಾತಾಡುತ್ತಾಳಂತೆ ಆಯಿತು. ರೊಟ್ಟಿ ಪಂಚಮಿಯ ಮಧ್ಯಾಹ್ನ ಮನೆಮನೆಗೆ ರೊಟ್ಟಿ ಬೀರಿ ಮುಗಿಸಿದ ಹೆಂಗಸರು ಹಾಗೇ ಸೆರಗು ಸಿಕ್ಕಿಸಿಕೊಂಡು ಬೇವಿನ ಕಟ್ಟೆಗೆ ಬಂದರು. ಎಲ್ಲರಿಗಿಂತ ಮುಂದೆ ಮುದುಕವ್ವ. ಉಡಿ ತುಂಬುವುದು ಮರುದಿನವಾದರೂ, ಅವ್ವ ಮಾತಾಡುವಾಗ ಬರಿಗೈಯಲ್ಲಿ ನಿಲ್ಲಬಾರದೆಂದು ಹಸಿರು ಬಳೆ, ಖಣ, ಕೊಬ್ಬರಿ ಇಟ್ಟ ಮೊರವನ್ನು ಎದೆಗೆ ಅವಚಿಕೊಂಡು ಬಂದಿದ್ದಳು.

ಅಕ್ಷರದ ಗೆರೆಗಳಲ್ಲಿ ರಂಗೋಲಿ ಪುಡಿ ತುಂಬಿದ್ದರು. ಕರಿಕಲ್ಲಿನ ಮೇಲೆ ಬೆಳ್ಳಗೆ ಕಾಣುತ್ತಿತ್ತು. ಮೊದಲ ಸರದಿ ಹನುಮೇಶನದು. ಸ್ವಸ್ತಿ ಶ್ರೀ ಎಂದು ಮಂತ್ರ ಹೇಳುವವನ ಹಾಗೆ ಶುರು ಮಾಡಿ, ಮುಂದಿನ ಅಕ್ಷರಕ್ಕೆ ಬಂದು ಎತ್ತು ನೊಗ ಬಿಟ್ಟ ಹಾಗೆ ನಿಂತುಬಿಟ್ಟ. ಅಷ್ಟಕ್ಕೇ ಹೆಂಗಸರು ಕೈ ಮುಗಿದರು. ಆಮೇಲೆ ಅಂಜಲಿ ಮುಂದೆ ಬಂದಳು.

ಆಕೆ ಮೊದಲು ಮನಸ್ಸಿನಲ್ಲೇ ಓದಿಕೊಂಡಳು, ಆಟದಲ್ಲೂ ಹಾಗೆಯೇ ಅವಳ ಪದ್ಧತಿ. ತುಱುವಂ ಮಗುೞ್ಚಿ ಕಾದಿ ಮಾಚಂ ಸತ್ತಂ. ಅಷ್ಟೇ ಇತ್ತು. ಪದಗಳೆಲ್ಲ ಗೊತ್ತಿದ್ದವೇ, ಒಂದೊಂದಕ್ಕೂ ಆಕೆಯ ಒಂದೊಂದು ಕಾಯಿ ಹಣ್ಣಾಗಿತ್ತು. ದನಗಳನ್ನು ಹಿಂದಕ್ಕೆ ತಂದು, ಹೋರಾಡಿ, ಮಾಚ ಎಂಬುವನು ಸತ್ತ. ಅಂಜಲಿಯ ಕಣ್ಣು ತಾನಾಗಿ ಮೇಲಕ್ಕೆ ಹೋಯಿತು, ಕುಂಕುಮದ ಹೆಪ್ಪಿನ ಕೆಳಗೆ ಬೆರಳಿಗೆ ತಾಗಿದ್ದ ಆ ಸುರುಳಿಗಳ ಕಡೆಗೆ. ಅದು ಮೀಸೆ.

ಬಗ್ಗಿ ಓದುತ್ತಿದ್ದವಳು ನೆಟ್ಟಗಾಗಿ ಹಿಂದೆ ನೋಡಿದಳು. ಅಜ್ಜಿ ಮೊರದ ಮೇಲಿನ ಬಳೆಗಳನ್ನು ಎಡಗೈಯಿಂದ ಮುಚ್ಚಿಕೊಂಡು, ಬಾಯಿ ತುಸು ತೆರೆದು, ಮೊಮ್ಮಗಳ ತುಟಿಯನ್ನೇ ನೋಡುತ್ತಿದ್ದಳು. ಕಲ್ಲವ್ವ ಏನೆನ್ನುತ್ತಾಳೋ ಎಂದು ಕಾಯುತ್ತಿದ್ದ ಮುಖ. ಈ ಸಾಲು ಓದಿದರೆ ಕಲ್ಲವ್ವ ಇಲ್ಲ. ಕಲ್ಲವ್ವ ಇಲ್ಲದಿದ್ದರೆ ಅಜ್ಜಿ ಇಷ್ಟು ವರ್ಷ ಬೇಡಿದ್ದು ಯಾರನ್ನು? ತಾನು ಯಾರ ಕೂಸು? ಇಡೀ ಓಣಿಯ ಮುಂದೆ ಅಜ್ಜಿಯನ್ನು ಹೀಗೆ ನಿಲ್ಲಿಸುವುದು ಅವಳಿಂದ ಆಗದ ಮಾತಾಗಿತ್ತು.

"ಮುಂದ ಓದಾಕ ಬರವಲ್ದ್ರಿ ಅಕ್ಕಾರ," ಎಂದಳು.

ಅವಳ ತಂಡದವರು ಹೋ ಎಂದರು. ಕಣ್ಣು ಮುಚ್ಚಿಸಿ ಬೆನ್ನ ಮೇಲೆ ಬೆರಳಿನಿಂದ ಬರೆದರೂ ಅಕ್ಷರ ಹೇಳುವ ಹುಡುಗಿ! ಅಕ್ಕಾರು ಇನ್ನೊಮ್ಮೆ ನೋಡೆಂದರು, ಮೊದಲ ಅಕ್ಷರ ತಾವೇ ಹೇಳಿಕೊಟ್ಟರು. ಅಂಜಲಿ ನೆಲ ನೋಡುತ್ತ ನಿಂತಳು. ಇರಲಿ, ನಾನೇ ಓದತೇನಿ ಎಂದು ಅಕ್ಕಾರು ಕಲ್ಲಿನ ಕಡೆ ಹೆಜ್ಜೆ ಹಾಕಿದಾಗ ಅವರ ಸೀರೆಯ ಸೆರಗನ್ನು ಒಂದು ಕೈ ಹಿಡಿದು ಜಗ್ಗಿತು. ಅಂಜಲಿ ಕಣ್ಣು ತುಂಬಿಕೊಂಡು ತಲೆ ಅಲ್ಲಾಡಿಸಿದಳು, ಬೇಡವೆಂದು. ಅಕ್ಕಾರಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಅವರ ದೃಷ್ಟಿ ಆ ಹುಡುಗಿಯ ಹಿಂದೆ ನಿಂತ ಮುದುಕಿಯ ಮೇಲೆ, ಎದೆಗವಚಿದ ಮೊರದ ಮೇಲೆ, ಹಸಿರು ಬಳೆಗಳ ಮೇಲೆ ಹೋಯಿತು. ಪುಣ್ಯಕ್ಕೆ ಅವರು ಬರೀ ತರಬೇತಿಯಿಂದ ಟೀಚರಾದವರಲ್ಲ.

"ನನಗೂ ಪೂರಾ ಹತ್ತವಲ್ದು," ಎಂದರು. "ಹಬ್ಬ ಮುಗೀಲಿ, ನೋಡೂಣು."

ಒಂದೆರಡು ಅಕ್ಷರ ಹೆಚ್ಚು ಓದಿದ್ದಕ್ಕೆ ಕೊಬ್ಬರಿ ಬಟ್ಟಲು ಹನುಮೇಶನ ತಂಡಕ್ಕೆ ಹೋದವು. ಅಂಜಲಿಯ ಗೆಳತಿಯರು ಅವಳ ಜೊತೆ ಮಾತು ಬಿಟ್ಟು, ತಿರುತಿರುಗಿ ನೋಡುತ್ತ ಮನೆಗೆ ನಡೆದರು. ಅವ್ವ ಈ ಸಲ ಮಾತಾಡಲಿಲ್ಲ ಎಂದು ಹೆಂಗಸರೂ ಚದುರಿದರು. ನೆರೆಮನೆಯ ಗುತ್ತೆವ್ವ ಮಾತ್ರ, ನಿನ್ನ ಮೊಮ್ಮಗಳು ಬಾಯಾಗ ಜಾಣಿ ಅಷ್ಟ, ಎಂದು ಮುದುಕವ್ವನಿಗೆ ಚುಚ್ಚಿ ಹೋದಳು. ಗುತ್ತೆವ್ವನಿಗೆ ಉತ್ತರ ಕೊಡದೆ ಮುದುಕವ್ವ ಮನೆಗೆ ಹೋದದ್ದು ಊರಿನಲ್ಲಿ ಅದೇ ಮೊದಲು.

ಸಂಜೆ ಅಡುಗೆಮನೆಯಲ್ಲಿ ಆಕೆ ಶೇಂಗಾ ಉಂಡಿ ಕಟ್ಟುತ್ತಿದ್ದಳು. ಶೈಲಾ ಹಿತ್ತಿಲಲ್ಲಿ ಎಮ್ಮೆ ಹಿಂಡುತ್ತಿದ್ದಳು. ಅಂಜಲಿ ಬಾಗಿಲಿಗೆ ಒರಗಿ ಕುಳಿತಿದ್ದಳು, ಉಂಡಿ ಕೊಟ್ಟರೂ ಬೇಡವೆಂದಿದ್ದಳು. ಮುದುಕವ್ವ ಕೈಯೊಳಗಿನ ಉಂಡಿಯಿಂದ ಕಣ್ಣೆತ್ತದೆ ಕೇಳಿದಳು.

"ಯಾಕ ಸೋತಿ?"

"ಓದಾಕ ಬರಲಿಲ್ಲ."

"ಬೇಕಂತ ಸೋಲೋದು ನಿನಗ ಕಲಿಸಿದಾಕಿನ ನಾನು. ನನ್ನ ಮುಂದ ಮಾಡ್ತೀಯೇನು?"

ಅಂಜಲಿಗೆ ಅಳು ಬಂತು. ಒಮ್ಮೆ ಬಂದದ್ದು ನಿಲ್ಲಲಿಲ್ಲ, ಅಳುತ್ತಲೇ ಎಲ್ಲ ಹೇಳಿದಳು. ಅದು ಕಲ್ಲವ್ವ ಅಲ್ಲ, ಮಾಚ ಎಂಬ ಗಂಡಸು. ಆ ಕಾಲದಲ್ಲಿ ಯಾರೋ ಊರ ದನಗಳನ್ನು ಹೊಡೆದುಕೊಂಡು ಹೋಗಿರಬೇಕು, ಈತ ಬೆನ್ನು ಹತ್ತಿ ಹೋಗಿ ಬಿಡಿಸಿಕೊಂಡು ಬಂದು, ಆ ಹೊಡೆದಾಟದಲ್ಲಿ ಸತ್ತಿದ್ದಾನೆ. ಆಚೀಚೆ ಇರುವವರು ಅವನನ್ನು ಮೇಲಿನ ಲೋಕಕ್ಕೆ ಕರೆದುಕೊಂಡು ಹೋಗುವ ದೇವಕನ್ಯೆಯರಿರಬೇಕು, ಅಕ್ಕಾರು ಪುಸ್ತಕದಲ್ಲಿ ಇಂಥ ಕಲ್ಲಿನ ಚಿತ್ರ ತೋರಿಸಿದ್ದರು.

ಮುದುಕವ್ವನ ಕೈಯಲ್ಲಿದ್ದ ಉಂಡಿ ಪುಡಿಯಾಗಿ ಪರಾತಕ್ಕೆ ಉದುರಿತು. ಆಕೆ ಆ ಪುಡಿಯನ್ನು ಬೆರಳಿನಿಂದ ಒಂದೆಡೆ ಗುಡ್ಡೆ ಮಾಡತೊಡಗಿದಳು. ಮುಖ ಒಮ್ಮೆಲೇ ಮುದಿಯಾದ ಹಾಗೆ ಕಂಡಿತು. ಅಂಜಲಿ ತಾನು ಹೇಳಬಾರದಿತ್ತು ಎಂದುಕೊಂಡು ನಾಲಿಗೆ ಕಚ್ಚಿಕೊಂಡಳು.

"ದನ ಬಂದ್ವೇನು, ಮನಿಗೆ?" ಎಂದು ಕೊನೆಗೆ ಕೇಳಿದಳು ಮುದುಕಿ.

"ಬಂದ್ವಂತ."

"ಆಂವಗ ಅವ್ವ ಇದ್ಲೇನು?"

"ಅದನ್ನ ಬರದಿಲ್ಲ ಅಜ್ಜಿ."

"ಇದ್ದಿರ್ತಾಳ ಬಿಡು. ದನ ಬಂದ್ವು, ಮಗ ಬರಲಿಲ್ಲ ಅಂತ ಊರ ಅಗಸಿ ಬಾಗಲಾಗ ನಿಂತಿದ್ದಾಳು." ಆಮೇಲೆ ಏನು ನೆನಪಾಯಿತೋ, ಸೆರಗು ಬಾಯಿಗೆ ಅಡ್ಡ ಹಿಡಿದಳು. ಭುಜ ಕುಣಿಯತೊಡಗಿತು. "ಯವ್ವಾ, ಇಷ್ಟು ವರ್ಷ ನಾ ಪರಗಂಡಸಿನ ಮೈಗೆ ಎಣ್ಣಿ ತಿಕ್ಕೀನೇನ!"

ನಗು ತಡೆಯಲಾಗದೆ ಗೋಡೆಗೆ ಒರಗಿದಳು. ಅಂಜಲಿಗೂ ಅಳುವಿನ ನಡುವೆಯೇ ನಗು ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕು, ಸಾಕಾಗಿ, ಮತ್ತೆ ನಕ್ಕರು. ಕಣ್ಣೊರೆಸಿಕೊಂಡು ಅಂಜಲಿ ಮಧ್ಯಾಹ್ನದಿಂದ ಮನಸ್ಸಿನಲ್ಲಿದ್ದುದನ್ನು ಕೇಳಿದಳು.

"ಹಂಗಾರ ನನ್ನ ಕೊಟ್ಟಾಕಿ ಯಾರಜ್ಜಿ?"

ಮುದುಕವ್ವ ಎದ್ದು ಬಂದು, ಬೆಲ್ಲ ಅಂಟಿದ ಕೈಯಲ್ಲೇ ಮೊಮ್ಮಗಳ ಗಲ್ಲ ಹಿಡಿದಳು. "ಬೇಡಿದಾಕಿ ನಾನು, ಕೇಳಿದಾಂವ ಆಂವ. ದನ ಬಿಡಿಸಿದಾಂವಗ ಅಂಗೈಯಷ್ಟು ಕೂಸು ಭಾರೇನು? ಬಳಿ ತಂದು ಹಾಕಿದ್ರ ಹಾಕ್ಕೊಂಡು ನಿಂತಾನ. ನಾ ಗಂಡಸು ಅಂತ ಒಂದು ದಿನಾನೂ ಅಂದಿಲ್ಲ. ನಿಮ್ಮಜ್ಜ ನನಗ ಒಂದು ತಂಬಿಗಿ ನೀರು ತಂದು ಕೊಟ್ಟಾಂವಲ್ಲ."

ಇನ್ನೊಂದು ಮಾತನ್ನೂ ಹೇಳಿದಳು. ಹಬ್ಬ ಮುಗಿದ ಮೇಲೆ ಆ ಆಟ ಇನ್ನೊಮ್ಮೆ ಹಚ್ಚಲು ಅಕ್ಕಾರಿಗೆ ಹೇಳಬೇಕು, ಈ ಸಲ ಬೇಕಂತ ಸೋತರೆ ಬೆನ್ನಿಗೆ ಬೀಳುತ್ತದೆ. ಅಷ್ಟರಲ್ಲಿ ಹೊರಗೆ ಹನುಮೇಶನ ದನಿ ಕೇಳಿತು. ಗೆದ್ದ ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ತಿರುಗಿಸುತ್ತ, ನೀ ಓದಬಹುದಿತ್ತು, ಸುಮ್ನ ಯಾಕ ನಿಂತಿ ಎಂದು ಜಗಳಕ್ಕೆ ಬಂದಿದ್ದ. ಅವನಿಗೆ ಎರಡು ಉಂಡಿ ಕೊಟ್ಟು ಕಳಿಸಿದರು.

ಪಂಚಮಿಯ ಬೆಳಿಗ್ಗೆ ಜಿಟಿಜಿಟಿ ಮಳೆ ಬಂದು ನಿಂತಿತ್ತು. ಹುತ್ತಕ್ಕೆ ಹಾಲೆರೆಯಲು ಹೊರಟ ಹೆಂಗಸರು ಬೇವಿನ ಕಟ್ಟೆಗೆ ಬರುವಷ್ಟರಲ್ಲಿ ಮುದುಕವ್ವ ಅಲ್ಲಿದ್ದಳು. ಎರೆದ ದಿನದಿಂದ ಕೈ ಕಟ್ಟಿಕೊಂಡಿದ್ದ ಮುದುಕಿ ಈಗ ಕಲ್ಲಿಗೆ ಎಣ್ಣೆ ಹಚ್ಚುತ್ತಿದ್ದಳು. ಅಂಜಲಿ ಪಕ್ಕದಲ್ಲಿ ಎಣ್ಣೆಯ ಗಿಂಡಿ ಹಿಡಿದು ನಿಂತಿದ್ದಳು. ತಲೆಗೆ ಹಚ್ಚಿದಳು, ಭುಜಕ್ಕೆ ಹಚ್ಚಿದಳು, ಕಾಲಿನ ಹತ್ತಿರ ಬಗ್ಗಿ ಹಚ್ಚಿದಳು. ಅಕ್ಷರಗಳ ಪಟ್ಟಿಗೆ ಬಂದಾಗ ಕೈ ಎತ್ತಿಕೊಂಡಳು. ಮೇಲಿನಿಂದ ಒಂದು ಎಳೆ ಎಣ್ಣೆ ಅತ್ತ ಇಳಿಯುತ್ತಿತ್ತು, ಅದನ್ನು ಹೊಸ ಸೀರೆಯ ಸೆರಗಿನಿಂದ ಒರೆಸಿದಳು. ಆಮೇಲೆ ಎಂದಿನಂತೆ ಖಣ ಇಟ್ಟು, ದಾರಕ್ಕೆ ಪೋಣಿಸಿದ ಹಸಿರು ಬಳೆಗಳನ್ನು ಕೊರಳಿಗೆ ಹಾಕಿದಳು.

ಕೊನೆಗೆ ಕಟ್ಟೆಯ ಹಿಂದೆ ಇಟ್ಟಿದ್ದ ಒಂದು ತೆಕ್ಕೆ ಹಸಿ ಹುಲ್ಲನ್ನು ತಂದು ಕಲ್ಲಿನ ಮುಂದೆ ಹರವಿದಳು. ನಸುಕಿನಲ್ಲೇ ಹೊಲದ ಬದುವಿಗೆ ಹೋಗಿ ಕೊಯ್ದು ತಂದದ್ದು, ತುದಿಯಲ್ಲಿ ಇನ್ನೂ ಮಳೆನೀರಿತ್ತು.

"ಇದೇನಬೇ, ಕಲ್ಲವ್ವಗ ಮೇವು ತಂದೀದಿ?" ಎಂದಳು ಗುತ್ತೆವ್ವ.

ಹರಕೆ ಇತ್ತು ಎಂದಷ್ಟೇ ಹೇಳಿ ಮುದುಕವ್ವ ಕೈ ಮುಗಿದಳು. ಹೆಂಗಸರು ತಾವೂ ಮುಗಿದರು. ಹರಕೆ ಅಂದ ಮೇಲೆ ಯಾರೂ ಕೇಳುವುದಿಲ್ಲ.

ಆಗ ಓಣಿಯ ಕಡೆಯಿಂದ ಯಾರದೋ ಕರು ಹಗ್ಗ ಎಳೆದುಕೊಂಡು ಬಂತು. ಹೆಂಗಸರ ನಡುವೆ ನುಗ್ಗಿ, ಹುಲ್ಲು ಮೂಸಿ, ಬಾಯಿ ಹಾಕಿತು. ದೇವರ ಮುಂದಿನದಕ್ಕೆ ಬಾಯಿ ಹಾಕಿತಲ್ಲ ಎಂದು ಗುತ್ತೆವ್ವ ಹೊಡೆಯಲು ಕೈ ಎತ್ತಿದಳು. ಮುದುಕವ್ವ ಆ ಕೈಯನ್ನು ಮೇಲೆಯೇ ಹಿಡಿದುಕೊಂಡಳು.

"ತಿನ್ಲಿ ಬಿಡು," ಎಂದಳು.

ಕರು ತಿನ್ನುತ್ತ ತಿನ್ನುತ್ತ ಕಲ್ಲಿನ ಹತ್ತಿರಕ್ಕೆ ಸರಿಯಿತು. ಅದರ ಕಿವಿ ತಾಗಿದಾಗಲೊಮ್ಮೆ ಹಸಿರು ಬಳೆಗಳು ಸಣ್ಣಗೆ ಸದ್ದು ಮಾಡಿದವು.